ಗೊಬ್ಬರ ಹಾಕದ ಅಕ್ಕಿ

ಕೊಳ್ಳೇಗಾಲದ ಸುತ್ತಲಿನ ಹಳ್ಳಿಗಳಲ್ಲಿ ಸರ್ಕಾರಿ ಗೊಬ್ಬರ ಹಾಕಿ ಎಂದು ರೈತರ ಬೆನ್ನು ಬಿದ್ದು ಅಲೆದ ಗ್ರಾಮಸೇವಕ ನಾನು. ನಿವೃತ್ತನಾದ ವರ್ಷ ಹೆಂಡತಿ, "ಅಂಗಡಿ ಅಕ್ಕಿಯ ಅನ್ನಕ್ಕೆ ಘಮವೇ ಇಲ್ಲ. ಬರೀ ತಿಪ್ಪೆಗೊಬ್ಬರದಲ್ಲಿ ಬೆಳೆದದ್ದು ಸಿಕ್ಕರೆ ತನ್ನಿ" ಎಂದಳು. ಅದಕ್ಕೆ ಬೆಲೆ ಜಾಸ್ತಿ, ಪಿಂಚಣಿಯಲ್ಲಿ ಅದೆಲ್ಲ ಬೇಕೇ ಎಂದು ಒಂದು ವಾರ ಯೋಚಿಸಿ, ಕೊನೆಗೆ ಚೀಲ ಹಿಡಿದು ಮುಳ್ಳೂರಿನ ಪುಟ್ಟಮಾದಪ್ಪನ ಮನೆಗೆ ಹೋದೆ. ಆ ಊರಿನಲ್ಲಿ ನನ್ನ ಮಾತು ಕೇಳಿ ಮೊದಲು ಯೂರಿಯಾ ಎರಚಿದವನು ಅವನೇ; ಅಂಥ ಅಕ್ಕಿ ಯಾರ ಹತ್ತಿರ ಸಿಗುತ್ತದೆಂದು ಸಲುಗೆಯಿಂದ ಕೇಳಬಹುದಾದವನೂ ಅವನೇ.

ನಾನು ಬಂದ ಕೆಲಸ ಹೇಳುತ್ತಲೇ ಅವನು ಹೆಂಡತಿಯನ್ನು ಕೂಗಿದ. "ಲೇ, ಬಾ ಇಲ್ಲಿ! ಗೊಬ್ಬರದ ಸಾಹೇಬ್ರು ಗೊಬ್ಬರ ಆಕ್ದೆ ಇರೋ ಅಕ್ಕಿ ಕೇಳ್ತಾವ್ರೆ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅವನ ಮುಖ ಗಂಭೀರವಾಯಿತು. "ನಿಜ ಏಳಿ ಸಾ. ಆ ಯೂರಿಯಾದಲ್ಲಿ ಏನಾರ ಕೆಟ್ಟದ್ದು ಅದಾ?"

"ಅಂಥದ್ದೇನೂ ಇಲ್ಲ ಮಾದಪ್ಪ. ಬಾಯಿರುಚಿಗೆ ಕೇಳಿದೆ, ಅಷ್ಟೆ."

"ನಮ್ಮವ್ವನೂ ರುಚಿ ಇಲ್ಲ ಅಂದ್ಲು ಸಾ. ಅದ್ಕೇ ಮನೇಲಿ ಉಣ್ಣಕ್ಕೆ ಅಂತ ಬಾವಿ ಪಕ್ಕದ ಗದ್ದೆಗೆ ಒಂದ್ ಕಾಳೂ ಯೂರಿಯಾ ಆಕಿಲ್ಲ. ನೀವು ಬಂದಾಗ ರೋಡ್ ಪಕ್ಕದ್ದು ತೋರುಸ್ತಿದ್ದೆ."

ಇಡೀ ಊರು ಗೊಬ್ಬರಕ್ಕೆ ಒಪ್ಪಿದೆ ಎಂದು ನಾನು ಪ್ರತಿವರ್ಷ ರಿಪೋರ್ಟು ಬರೆದಿದ್ದೆ. ಅವನು ಹೇಳಿದ ಬೆಲೆಗೆ ಚೌಕಾಸಿ ಮಾಡುವ ಮುಖ ನನಗೆಲ್ಲಿತ್ತು?

ರಾತ್ರಿ ಅನ್ನ ಘಮ್ಮೆಂದಿತು. ಬಹಳ ಕೊಡಬೇಕಾಯಿತಾ ಎಂದು ಹೆಂಡತಿ ಕೇಳಿದಳು.

"ಇಡೀ ಸರ್ವೀಸೇ ಕೊಟ್ಟು ಬಂದೆ. ಇನ್ನೊಂದು ಸ್ವಲ್ಪ ಬಡಿಸು" ಎಂದೆ.