ಸುಗಂಧಾ ಚೌಗುಲೆ ಮತ್ತು ಎರಡು ಡಿಸ್ಕುಗಳು

ಸುಗಂಧಾ ಚೌಗುಲೆ ಭೋಜ ಗ್ರಾಮದವರು. ನಿಪ್ಪಾಣಿಯಲ್ಲಿ ಬಿ.ಎಸ್ಸಿ. ಮುಗಿಸಿ, ಕೊಲ್ಹಾಪುರದಲ್ಲಿ ಕಂಪ್ಯೂಟರ್ ಕಲಿತು, ೧೯೯೬ರ ದಸರೆಯ ನಂತರ ನಾನು ಅಧಿಕಾರಿಯಾಗಿದ್ದ ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗಕ್ಕೆ ಬಂದರು. ಮಾತು ಕಡಿಮೆ. ಆಜ್ಞೆಯನ್ನು ಟೈಪು ಮಾಡಿದ ಮೇಲೆ ಕೈಗಳನ್ನು ಮಡಿಲಲ್ಲಿಟ್ಟು, ಆ ಸಾಲನ್ನು ಮೆಲ್ಲಗೆ ಓದಿಕೊಂಡೇ ಎಂಟರ್ ಒತ್ತುವರು. ಜೈನರ ಮನೆಯ ರೂಢಿಯಂತೆ ಸಂಜೆಯ ಡಬ್ಬಿಯನ್ನು ಹೊತ್ತು ಮುಳುಗುವ ಮೊದಲೇ ಬಿಚ್ಚುವರು.

ಯಾರ ಹೊಲದ ಕಬ್ಬು ಮೊದಲು ಕಡಿಯಬೇಕು ಎಂಬ ಕಟಾವಿನ ಪಾಳಿಯೆಲ್ಲ ಆ ವರ್ಷ ಕಂಪ್ಯೂಟರಿನಲ್ಲಿತ್ತು. ಒಂದು ಡಿಸ್ಕು ಕೆಟ್ಟರೂ ಇನ್ನೊಂದು ಉಳಿಯಲೆಂದು ಎರಡರಲ್ಲೂ ಒಂದೇ ಮಾಹಿತಿ ಬರೆಯುವ ರೇಡ್ ವ್ಯವಸ್ಥೆ ಮಾಡಲಾಗಿತ್ತು. ಬೇಸಿಗೆಯಲ್ಲಿ ಒಂದು ಡಿಸ್ಕು ಕೆಟ್ಟಿತು. ಹಿಂದಿನ ಆಪರೇಟರ್ ಅದನ್ನು ತೆಗೆದಿಟ್ಟು ಕೆಲಸ ಬಿಟ್ಟುಹೋದ. ಮಾಹಿತಿಯ ನಕಲು ಉಳಿಸಿಟ್ಟ ಟೇಪನ್ನು ಓದಲು ಬರುತ್ತಿರಲಿಲ್ಲ. ತಿದ್ದುಪಡಿಗಳು ಮುಗಿಯಲೆಂದು ಮುದ್ರಣವನ್ನೂ ಮುಂದೂಡಿದ್ದೆವು. ಪಾಳಿ ಉಳಿದಿದ್ದುದು ಒಂದೇ ಡಿಸ್ಕಿನಲ್ಲಿ.

ಹೊಸ ಡಿಸ್ಕು ಬಂದ ದಿನ ಎಲೆಕ್ಟ್ರಿಷಿಯನ್ ಭೀಮಸಿ ಅದನ್ನು ಖಾಲಿ ಜಾಗದಲ್ಲಿ ಕೂಡಿಸಿದ. ಜಾಗಗಳಿಗೆ ಸೊನ್ನೆ, ಒಂದು ಎಂಬ ಚೀಟಿಗಳಿದ್ದವು. ಹೊಸದರ ಮೇಲಿನ ಚೀಟಿ ಒಂದು. ಯಾವುದು ತುಂಬಿದ್ದು, ಯಾವುದು ಖಾಲಿ ಎಂಬುದನ್ನು ಯಂತ್ರ ಹೇಳುತ್ತಿರಲಿಲ್ಲ. ಯಾವುದರಿಂದ ಯಾವುದಕ್ಕೆ ನಕಲಾಗಬೇಕು ಎಂದು ಆಜ್ಞೆ ಕೊಟ್ಟವರೇ ಹೇಳಬೇಕು. ದಿಕ್ಕು ತಪ್ಪಿದರೆ ಖಾಲಿಯೇ ನಕಲಾಗಿ ಪಾಳಿ ಅಳಿಸಿಹೋಗುತ್ತಿತ್ತು.

ಹೊರಗಿನ ಕಟ್ಟೆಯಿಂದ ಯಡೂರಿನ ರೈತ ತಾತ್ಯಾಸಾಹೇಬರು ಕೂಗಿದರು: “ಸಾಹೇಬ್ರ, ನಿಮ್ಮ ಮಷೀನಿಗೆ ಬಾಣಂತನ ಮುಗೀತೇನ್ರಿ? ನನ್ನ ಕಬ್ಬ ಒಣಗಾಕತ್ತೈತಿ.”

ಸುಗಂಧಾ ಟೈಪು ಮಾಡಿ, ಕೈಗಳನ್ನು ಮಡಿಲಿಗೆ ತಂದು ಓದಿದರು. “ಸೊನ್ನೆಯಿಂದ ಒಂದಕ್ಕ.”

ಹಿಂದೆ ನಿಂತಿದ್ದ ಭೀಮಸಿ ಸಹಜವಾಗಿ ಹೇಳಿದ: “ಆ ಚೀಟಿ ದಸರಿಗೆ ಖಂಡೆ ಪೂಜಿ ದಿವಸ ಕಿತ್ತಿದ್ವು ಬಾಯಾರ. ಒದ್ದಿ ಬಟ್ಟಿಲೆ ಮಷೀನ ಒರಸಿದ್ನಿ ನೋಡ್ರಿ. ನಾನ ತಿರಗಿ ಅಂಟಿಸೇನಿ.”

“ಇದ್ದಂಗ ಅಂಟಿಸಿಯೋ, ಹೆಂಗೋ?” ಸುಗಂಧಾ ತಿರುಗಿ ಕೇಳಿದರು.

“ಎರಡೂ ಅದಾವಲ್ರಿ ಮತ್ತ.”

ಸುಗಂಧಾ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಬರೆದ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿ, ಸೊನ್ನೆಯ ಡಿಸ್ಕನ್ನು ಬರೀ ಓದುವ ಆಜ್ಞೆ ಕೊಟ್ಟರು. ಪೆಟ್ಟಿಗೆಯ ಮುಚ್ಚಳ ತೆಗೆದೇ ಇತ್ತು. ಓದುವಾಗ ಡಿಸ್ಕು ಒಳಗೊಳಗೇ ಕಟಕಟ ಅದುರುತ್ತದೆ. ಎರಡರ ಮೇಲೂ ಅಂಗೈ ಇಟ್ಟು ಕಣ್ಣು ಮುಚ್ಚಿದರು.

ಅದುರಿದ್ದು ಹೊಸದು. ಯಂತ್ರದ ಲೆಕ್ಕದಲ್ಲಿ ಖಾಲಿ ಡಿಸ್ಕೇ ಸೊನ್ನೆ.

ಅವರು ಅದನ್ನು ನಂಬಲಿಲ್ಲ. ಒಂದನೆಯದನ್ನೂ ಓದಿಸಿದರು, ಹಳೆಯದು ಅದುರಿದಂತಾಯಿತು. “ಸಾಹೇಬ್ರ, ನೀವೂ ಕೈ ಇಡ್ರಿ. ನನ್ನ ಕೈನ ನಡಗಾಕತ್ತಾವು, ಯಾವುದಂತ ತಿಳೀವಲ್ದು.” ನಾನು ಇಟ್ಟೆ. ಹಳೆಯದೇ ಎಂದೆ. ಹೇಳಿದ ಮೇಲೆ ಅಂಜಿಕೆ ನನಗೂ ಹತ್ತಿತು.

“ಒಂದರಿಂದ ಸೊನ್ನೆಗೆ,” ಎಂದು ಓದಿ ಸುಗಂಧಾ ಎಂಟರ್ ಒತ್ತಿದರು. ಇನ್ನು ತಡೆಯಲು ಬರುತ್ತಿರಲಿಲ್ಲ. ಶೇಕಡಾವಾರು ಅಂಕಿ ನಿಧಾನವಾಗಿ ಏರತೊಡಗಿತು. ಲೈಟು ಹೋದರೆ ಎಂದು ಭೀಮಸಿ ಜನರೇಟರಿನ ಬಳಿ ಹೋಗಿ ನಿಂತ. ಕಿಟಕಿಯ ಬಿಸಿಲು ಕೆಂಪಾಗಿ ಆರಿತು. ಊಟದ ನೆನಪು ಮಾಡಿದೆ. ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಇವತ್ತ ಉಪಾಸ ಅಂತ ತಿಳಕೊಳ್ರಿ.”

ನಕಲು ಮುಗಿದಾಗ ಪಾಳಿಯನ್ನು ತೆರೆದರು. ಚಿಂಚಲಿ, ಯಡೂರು, ಭೋಜ: ಊರಿಂದ ಊರಿಗೆ ಹೆಸರುಗಳು ಬಂದವು. ಅವರು ಪುಟದ ಮೇಲೆ ಪುಟ ಓದುತ್ತಲೇ ಹೋದರು. ಕೊನೆಗೆ, “ಮೊದಲ ಇದರ ಪ್ರಿಂಟ್ ತಗೀತೇನ್ರಿ,” ಎಂದು ಎದ್ದರು. ಆದರೆ ಕಾಗದದ ಅಂಚಿನ ತೂತುಗಳು ಪ್ರಿಂಟರಿನ ಹಲ್ಲಿಗೆ ಕೂಡುವಂತೆ ಹಿಡಿಯಲು ಅವರ ಬೆರಳುಗಳಿಗೆ ಆಗಲಿಲ್ಲ. ಕಾಗದವನ್ನು ನಾನೇ ಹಾಕಿದೆ.