ಮೇಸ್ತ್ರಿ ಕಟ್ಟಿದ ಮಿಲ್ಲಿಂಗ್ ಮಿಷಿನ್

ಕಳೆದ ತಿಂಗಳು ಬಂಗಾರಪೇಟೆಯಲ್ಲಿ ನನ್ನ ಸ್ಕೂಟರ್ ಕೈಕೊಟ್ಟಿತು. ಸ್ಟೇಷನ್ ರಸ್ತೆಯ ಮೆಕ್ಯಾನಿಕ್ ಅಂಗಡಿ ಮುಂದೆ ಬೆಂಚಿನ ಮೇಲೆ ಕೂತಿದ್ದೆ. ಮೆಕ್ಯಾನಿಕ್ ಯಾವುದೋ ಬೈಕಿನ ಚೈನು ಬಿಚ್ಚಿ, ಹಳೆಯ ಪೇಂಟ್ ಡಬ್ಬಿಗೆ ಸೀಮೆಎಣ್ಣೆ ಸುರಿದು ಅದರಲ್ಲಿ ಅದ್ದಿದ. ಆ ವಾಸನೆ ಈಗ ಅಪರೂಪ. ಬೇರೆಯವರಿಗಾದರೆ ಅಡುಗೆಮನೆಯ ಸ್ಟೌ ನೆನಪಾಗುತ್ತಿತ್ತೋ ಏನೋ. ನನಗೆ ನೆನಪಾದದ್ದು ಕೆ.ಜಿ.ಎಫ್.ನ ಒಂದು ತಗಡಿನ ಶೆಡ್ಡು, ಅಲ್ಯೂಮಿನಿಯಂ ತುಂಡಿನ ಮೇಲೆ ಹನಿ ಹನಿಯಾಗಿ ಸೀಮೆಎಣ್ಣೆ ಬಿಡುತ್ತಿದ್ದ ಒಂದು ಕೈ... ನಮ್ಮ ಪಕ್ಕದ ಮನೆ ಮೇಸ್ತ್ರಿಯ ಕೈ.

ಆಗ ನಾನು ಕೆ.ಜಿ.ಎಫ್.ನಲ್ಲಿ ಮೈಸೂರು ಮೈನ್ಸ್ ಅನ್ನುವ ಕಡೆ ಬಾಡಿಗೆಗಿದ್ದೆ. ದಿನಾ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ, ಅಲ್ಲಿಯ ಒಂದು ಖಾಸಗಿ ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡಿ ಬರುತ್ತಿದ್ದೆ. ಕೆಲಸ ಕಾಯಂ ಆಗಿರಲಿಲ್ಲ. ಪ್ರತಿ ಜೂನ್‌ನಲ್ಲೂ ಮುಂದುವರಿಸುತ್ತಾರೋ ಇಲ್ಲವೋ ಎಂದು ಕಾಯಬೇಕಿತ್ತು. ನಾನು ಕಲಿಸುತ್ತಿದ್ದದ್ದು ಸಿ.ಎನ್.ಸಿ. ಯಂತ್ರಗಳ ವಿಷಯ. ಅಂದರೆ ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಚಲಿಸಿ ಲೋಹ ಕೊರೆಯುವ ಯಂತ್ರಗಳು. ಕಾಲೇಜಿನಲ್ಲಿ ಅಂಥದ್ದು ಒಂದೂ ಇರಲಿಲ್ಲ. ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ. ಅದು ನನಗೇ ನಾಚಿಕೆಯಾಗಿ, ಚಿಕ್ಕದೊಂದನ್ನು ಮನೆಯಲ್ಲೇ ಮಾಡಿಬಿಡೋಣ ಎಂದು ಹೊರಟೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಮೂರು ಮೋಟಾರು, ಅವನ್ನು ನಡೆಸುವ ಒಂದು ಅಗ್ಗದ ಎಲೆಕ್ಟ್ರಾನಿಕ್ ಬೋರ್ಡು ತಂದೆ. ಉಳಿದದ್ದಕ್ಕೆ ಪ್ಲೈವುಡ್ ಸಾಕು ಅಂದುಕೊಂಡಿದ್ದೆ.

ಒಂದು ಭಾನುವಾರ ಜಗುಲಿಯ ಮೇಲೆ ಅದನ್ನೆಲ್ಲ ಹರವಿಕೊಂಡು ಕೂತಿದ್ದಾಗ ಮೇಸ್ತ್ರಿ ಮೋಟುಗೋಡೆಯ ಆಚೆಯಿಂದ ನೋಡಿದರು. ಅವರ ಊರು ಕ್ಯಾಸಂಬಳ್ಳಿಯ ಕಡೆ. ಚಿಕ್ಕ ವಯಸ್ಸಿನಲ್ಲೇ ಗಣಿಯ ವರ್ಕ್‌ಶಾಪಿಗೆ ಸೇರಿ, ಗಣಿ ಮುಚ್ಚುವವರೆಗೂ ಲೋಹ ಕೊರೆದು ರೂಪ ಕೊಡುವ ಮಿಲ್ಲಿಂಗ್ ಮಿಷಿನ್ ಮೇಲೆ ಕೆಲಸ ಮಾಡಿದವರು. ಮೇಸ್ತ್ರಿ ಅನ್ನುವ ಹೆಸರೂ ಅಲ್ಲಿಯದೇ. ಅದುವರೆಗೆ ನಮ್ಮ ನಡುವೆ ಮಾತು ಅಂದರೆ ನೀರು ಬಂತಾ, ಕರೆಂಟ್ ಹೋಯ್ತಾ ಅನ್ನುವಷ್ಟೇ.

"ಏನ್ ಮಾಡ್ತಾ ಇದ್ದೀಯಮ್ಮಣ್ಣಿ?" ಅಂದರು.

ಹೇಳಿದೆ. ಅವರು ಪ್ಲೈವುಡ್ಡನ್ನು ಬೆರಳಿನಿಂದ ತಟ್ಟಿ ನೋಡಿದರು.

"ಇದರ್ ಮೇಲೆ ಮಿಲ್ಲಿಂಗ್ ಮಿಷಿನ್ ನಿಲ್ಲಲ್ಲ ಕಣಮ್ಮ. ಅಳ್ಳಾಡ್ತದೆ. ತೂಕ ಬೇಕು ಅದಕ್ಕೆ."

ಮುಂದಿನ ಭಾನುವಾರ ನನ್ನನ್ನು ಗುಜರಿ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಅವರು ಚೌಕಾಸಿಗೆ ಇಳಿಯಲಿಲ್ಲ, ಮೊದಲು ರಾಶಿಯ ಸುತ್ತ ಎರಡು ಸಲ ನಡೆದರು. ಕೊನೆಗೆ ಯಾವುದೋ ಹಳೆಯ ತೂಕದ ಯಂತ್ರದ ಎರಕದ ಕಬ್ಬಿಣದ ಬುಡವೊಂದನ್ನು ಕಾಲಿನಿಂದ ಒದ್ದು ತೋರಿಸಿದರು. ಕೆಟ್ಟ ಎರಡು ಜೆರಾಕ್ಸ್ ಮಿಷಿನ್‌ಗಳಿಂದ ನುಣುಪಾದ ಉಕ್ಕಿನ ಸರಳುಗಳನ್ನು ಬಿಚ್ಚಿಸಿದರು. ಕೊರೆಯಲು ಬಡಗಿಗಳು ಹಿಡಿದು ಕೆಲಸ ಮಾಡುವ ಕೈ ರೂಟರ್ ಸಾಕು ಎಂದದ್ದು ನಾನು. ಅದಕ್ಕೆ ಮಾತ್ರ ಅವರು ಒಪ್ಪಿದರು.

ಅವರ ಶೆಡ್ಡಿನಲ್ಲಿ ಏಳು ತಿಂಗಳು ಕೆಲಸ ನಡೆಯಿತು. ಭಾನುವಾರ ಇಡೀ ದಿನ, ಉಳಿದ ದಿನ ನಾನು ಕಾಲೇಜಿನಿಂದ ಬಂದ ಮೇಲೆ ಬೆಳಕಿರುವವರೆಗೆ. ನಿಜ ಹೇಳಬೇಕೆಂದರೆ, ನಾನು ಕಾಲೇಜಿಗೆ ಹೋಗಿದ್ದಾಗಲೇ ಹೆಚ್ಚು ಕೆಲಸ ನಡೆಯುತ್ತಿತ್ತು. ಆ ಎರಕದ ಬುಡವನ್ನು ಅರದಿಂದ ಉಜ್ಜಿ ಉಜ್ಜಿ ಸಮ ಮಾಡಲಿಕ್ಕೇ ಅವರು ಒಂದೂವರೆ ತಿಂಗಳು ತೆಗೆದುಕೊಂಡರು. ದಿನದ ಕ್ಯಾಲೆಂಡರಿನ ಹಾಳೆ ಹರಿದು ಎರಡು ಲೋಹದ ನಡುವೆ ತೂರಿಸಿ, ಹಾಳೆ ಎಲ್ಲಿ ಸಡಿಲವಾಗಿ ಜಾರುತ್ತದೆ, ಎಲ್ಲಿ ಹಿಡಿಯುತ್ತದೆ ಎಂದು ನೋಡುತ್ತಿದ್ದರು. ನನಗೆ ಅವಸರ. ಜೂನ್ ಹತ್ತಿರ ಬರುತ್ತಿತ್ತು.

"ಮೆಲ್ಲಗಾ ಅಮ್ಮಣ್ಣಿ, ಮೆಲ್ಲಗಾ," ಅನ್ನುತ್ತಿದ್ದರು. ಅವರ ಮನೆಮಾತು ತೆಲುಗು.

ಮೊದಲ ಸಲ ಅಲ್ಯೂಮಿನಿಯಂ ಇಟ್ಟು ಓಡಿಸಿದಾಗ ನಾನು ವೇಗ ಜಾಸ್ತಿ ಕೊಟ್ಟಿದ್ದೆ. ಲೋಹ ಕರಗಿ ಕೊರೆಯುವ ಬಿಟ್‌ಗೆ ಮೆತ್ತಿಕೊಂಡು, ಆ ಬಿಟ್ ಮುರಿದು ಶೆಡ್ಡಿನ ತಗಡಿಗೆ ಬಡಿಯಿತು. ಅವರು ಬೈಯಲಿಲ್ಲ. ಎರಡನೆಯ ಸಲ ವೇಗ ತಗ್ಗಿಸಿ, ಲೋಹ ಮೆತ್ತಿಕೊಳ್ಳದಂತೆ ತಾವೇ ಪಕ್ಕದಲ್ಲಿ ನಿಂತು ಸೀಮೆಎಣ್ಣೆ ಹನಿಸಿದರು. ವೃತ್ತ ಕೊರೆಯಲು ಹೇಳಿದ್ದೆ, ಮಿಷಿನ್ ಮೊಟ್ಟೆಯಾಕಾರ ಕೊರೆಯಿತು. ನಾನು ಕಂಪ್ಯೂಟರಿನ ತಪ್ಪಿರಬೇಕೆಂದು ಲೆಕ್ಕ ನೋಡುತ್ತಾ ಕೂತೆ. ಅವರು ಮೋಟಾರು ತಿರುಗಿಸುವ ಸ್ಕ್ರೂವನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಅಲುಗಿಸಿ, "ನಟ್ಟು ಆಡ್ತಾ ಐತೆ" ಅಂದರು. ಹಿತ್ತಾಳೆಯಲ್ಲಿ ಹೊಸ ನಟ್ಟುಗಳನ್ನು ಮಾಡಿಸಿ, ಎರಡೆರಡು ನಟ್ಟುಗಳ ನಡುವೆ ಒಂದೊಂದು ಸ್ಪ್ರಿಂಗ್ ಕೂರಿಸಿದರು. ಸ್ಪ್ರಿಂಗ್ ಒತ್ತುತ್ತಲೇ ಇರುವುದರಿಂದ ನಟ್ಟು ಅಲುಗಾಡುವಂತಿರಲಿಲ್ಲ. ಅದು ಪುಸ್ತಕದಲ್ಲೂ ಇದೆ. ನಾನು ಅದನ್ನು ಮೂರು ವರ್ಷ ಪಾಠ ಮಾಡಿದ್ದೆ. ಸ್ಕ್ರೂ ಮುಟ್ಟಿ ನೋಡಬೇಕೆಂದು ಮಾತ್ರ ನನಗೆ ಹೊಳೆದಿರಲಿಲ್ಲ.

ವೃತ್ತ ದುಂಡಗೆ ಬಂದ ದಿನ ಅವರು ಅದರ ಅಂಚಿನ ಸುತ್ತ ಹೆಬ್ಬೆರಳು ಆಡಿಸಿ ನೋಡಿದರು. ಆಮೇಲೆ ಒಂದು ಮಾತು ಹೇಳಿದರು. ಗಣಿ ಮುಚ್ಚಿದ ಮೇಲೆ ಅವರು ಕೆಲಸ ಮಾಡುತ್ತಿದ್ದ ಮಿಷಿನ್ನನ್ನು ಹೊರಗೆ ಸಾಗಿಸಲು ಆಗದೆ, ಗ್ಯಾಸಿನ ಬೆಂಕಿಯಲ್ಲಿ ಮೂರು ತುಂಡಾಗಿ ಕೊಯ್ದು ಲಾರಿಗೆ ಹಾಕಿದರಂತೆ. "ನಾನೇ ನಿಂತು ನೋಡ್ದೆ. ಎಲ್ಲಿ ಕೊಯ್ದ್ರೆ ಬೇಗ ಆಯ್ತದೆ ಅಂತ ಕೇಳುದ್ರು... ತೋರುಸ್ದೆ." ಮತ್ತೆ ಆ ವಿಷಯ ಎತ್ತಲಿಲ್ಲ.

ಆ ವರ್ಷ ಕಾಲೇಜಿನಲ್ಲಿ ವಸ್ತುಪ್ರದರ್ಶನ ಇಟ್ಟರು. ಪ್ರಿನ್ಸಿಪಾಲರು ನನ್ನನ್ನು ಕರೆದು, ಏನಾದರೂ ಮಾಡಿ ತೋರಿಸಿದವರನ್ನು ಕಾಯಂ ಮಾಡುವ ಯೋಚನೆ ಆಡಳಿತ ಮಂಡಳಿಗಿದೆ ಎಂದರು. ಮಿಷಿನ್ ಒಯ್ಯಲಾ ಎಂದು ಮೇಸ್ತ್ರಿಯನ್ನು ಕೇಳಿದೆ. "ತಗೊಂಡೋಗು, ಅದಕ್ಕೇನು" ಎಂದು ತಾವೇ ಗೂಡ್ಸ್ ಆಟೋಗೆ ಹತ್ತಿಸಿ, ಕೆಳಗೆ ಗೋಣಿಚೀಲ ಹಾಸಿ ಕಳಿಸಿದರು. ಮಳಿಗೆಯ ಮುಂದೆ ಬೋರ್ಡು ಬರೆಸುವಾಗ ನನ್ನ ಹೆಸರು, ನಾಲ್ವರು ವಿದ್ಯಾರ್ಥಿಗಳ ಹೆಸರು ಬರೆಸಿದೆ. ಮರೆತು ಹೋಯಿತು ಎಂದು ಹೇಳಿಕೊಳ್ಳಬಹುದು. ಆದರೆ ಮರೆತಿರಲಿಲ್ಲ. ಹೆಸರುಗಳ ಪಟ್ಟಿ ಬರೆದುಕೊಡುವಾಗ ಪೆನ್ನು ಹಿಡಿದು ಒಂದು ಕ್ಷಣ ಯೋಚಿಸಿ, ಮೇಸ್ತ್ರಿಯ ಹೆಸರನ್ನು ಬಿಟ್ಟೆ.

"ಇದು ಪೂರ್ತಿ ನೀವೇ ಮಾಡಿದ್ದಾ?" ಎಂದು ಪ್ರಿನ್ಸಿಪಾಲರು ಕೇಳಿದಾಗ "ಹೌದು ಸಾರ್" ಅಂದೆ.

ಎರಡನೆಯ ದಿನ ಮಧ್ಯಾಹ್ನ ಮೇಸ್ತ್ರಿ ಬಂದರು. ಬರುತ್ತೇನೆಂದು ಹೇಳಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಹಣೆಗೆ ವಿಭೂತಿ ಇಟ್ಟುಕೊಂಡು ಜನರ ಹಿಂದೆ ನಿಂತಿದ್ದರು. ಪ್ರಿನ್ಸಿಪಾಲರು ನನ್ನ ಪಕ್ಕದಲ್ಲೇ ಇದ್ದರು. ಮೇಸ್ತ್ರಿ ಮಿಷಿನ್ನನ್ನು ನೋಡಿದರು, ಬೋರ್ಡನ್ನು ನೋಡಿದರು. ಅವರಿಗೆ ಕನ್ನಡ ನಿಧಾನವಾಗಿಯಾದರೂ ಓದಲು ಬರುತ್ತಿತ್ತು. ಪೂರ್ತಿ ಓದುವವರೆಗೂ ನಾನು ಅವರ ಕಣ್ಣನ್ನೇ ನೋಡುತ್ತಿದ್ದೆ. ಆಮೇಲೆ ತಲೆ ವಾಲಿಸಿ ಮಿಷಿನ್ನಿನ ಸದ್ದು ಕೇಳಿಸಿಕೊಂಡರು.

"ಎಡಗಡೆ ನಟ್ಟು ಸಡ್ಲ ಆಗೈತೆ ಮೇಡಂ," ಅಂದರು. "ನೋಡ್ಕೊಳ್ಳಿ."

ಅದುವರೆಗೆ ಅವರು ನನ್ನನ್ನು ಮೇಡಂ ಎಂದು ಕರೆದಿರಲಿಲ್ಲ.

ಪ್ರಿನ್ಸಿಪಾಲರಿಗೆ ಕುತೂಹಲವಾಯಿತು. "ನಿಮಗೆ ಮಿಷಿನ್ ಬಗ್ಗೆ ಗೊತ್ತಾ?" ಎಂದು ಕೇಳಿದರು.

"ಒಸಿ ಗೊತ್ತು ಸಾರ್. ಮೈನಲ್ಲಿದ್ದೆ."

ನಾನು ಮಾತಾಡಬೇಕಿದ್ದದ್ದು ಆಗ. ಸ್ಪ್ಯಾನರ್ ತೆಗೆದುಕೊಂಡು ಬಗ್ಗಿ ಎಡಗಡೆಯ ನಟ್ಟು ಬಿಗಿ ಮಾಡಿದೆ. ಅದು ನಿಜವಾಗಿಯೂ ಸಡಿಲವಾಗಿತ್ತು. ತಲೆ ಎತ್ತಿದಾಗ ಮೇಸ್ತ್ರಿ ಇರಲಿಲ್ಲ.

ನಾಲ್ಕು ದಿನ ಬಿಟ್ಟು ಅವರ ಮನೆಗೆ ಹೋದೆ. ಕೂರಿಸಿ ಕಾಫಿ ಕೊಟ್ಟರು. ಮಿಷಿನ್ ವಾಪಸ್ ತರಿಸುತ್ತೇನೆ ಅಂದೆ. "ಬೇಡ ಮೇಡಂ, ಅಲ್ಲೇ ಇರ್ಲಿ. ಉಡುಗ್ರು ಕಲೀತಾರೆ" ಅಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಕ್ಷಮೆ ಕೇಳುತ್ತಿದ್ದೆನೇನೋ... ಅವರ ಹೆಂಡತಿ ಬೇತಮಂಗಲದ ಕೆರೆಯಲ್ಲಿ ನೀರು ಎಷ್ಟಿದೆ ಅನ್ನುವ ಮಾತು ತೆಗೆದರು. ನಾನೂ ಅದನ್ನೇ ಮುಂದುವರಿಸಿ, ಕಾಫಿ ಮುಗಿಸಿ ಎದ್ದು ಬಂದೆ. ಜೂನ್‌ನಲ್ಲಿ ಕೆಲಸ ಕಾಯಂ ಆಯಿತು. ಬಂಗಾರಪೇಟೆಯಲ್ಲೇ ಮನೆ ಮಾಡಿದೆ. ಎರಡು ವರ್ಷದ ನಂತರ ಅವರು ತೀರಿಕೊಂಡರು. ನನಗೆ ತಿಳಿದದ್ದು ತಿಥಿಯೆಲ್ಲ ಮುಗಿದ ಮೇಲೆ, ಹಳೆಯ ಮನೆ ಮಾಲೀಕರು ಬೇರೇನೋ ವಿಷಯಕ್ಕೆ ಫೋನ್ ಮಾಡಿದಾಗ.

ಹೋದ ವಾರ ಕೆ.ಜಿ.ಎಫ್. ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಕೈಯಲ್ಲಿ ತರಕಾರಿ ಚೀಲ ಹಿಡಿದಿದ್ದ ಒಬ್ಬ ಹೆಂಗಸು ಹತ್ತಿರ ಬಂದು ನನ್ನ ಮುಖ ನೋಡಿದಳು. ಮೇಸ್ತ್ರಿಯ ಮಗಳು. ಬೇತಮಂಗಲಕ್ಕೆ ಮದುವೆಯಾಗಿ ಹೋದವಳು. ನಾನು ಆ ಮನೆಗೆ ಹೋಗಿ ಬರುತ್ತಿದ್ದ ಕಾಲದಲ್ಲಿ ಒಂದೆರಡು ಸಲ ನೋಡಿದ್ದೆ.

"ನೀವು ಕಾಲೇಜ್ ಮೇಡಂ ಅಲ್ವಾ? ಅಪ್ಪ ನಿಮ್ ಮಾತೇ ಆಡ್ತಿದ್ರು. ನಮ್ ಪಕ್ಕದ್ ಮನೆ ಮೇಡಂ ಒಬ್ರೇ ಮಿಲ್ಲಿಂಗ್ ಮಿಷಿನ್ ಕಟ್ಟವ್ರೆ, ನಾನು ಸುಮ್ನೆ ಸ್ಪ್ಯಾನರ್ ಎತ್ಕೊಡ್ತಿದ್ದೆ ಅಂತ ಬಂದೋರ್ಗೆಲ್ಲಾ ಏಳ್ತಿದ್ರು."

"ಇಲ್ಲಮ್ಮ," ಅಂದೆ. "ಅದನ್ನ ಕಟ್ಟಿದ್ದು ನಿಮ್ಮಪ್ಪ. ನಾನು ವೈರ್ ಜೋಡಿಸಿದೆ, ಅಷ್ಟೇ."

ಅವಳು ನಕ್ಕಳು. "ಓದಿದೋರು ಇಂಗೇ ಬಿಡಿ. ತಾವ್ ಮಾಡಿದ್ದನ್ನ ಇನ್ನೊಬ್ರು ಮಾಡಿದ್ದು ಅಂತೀರಿ."

"ನಿಜವಾಗ್ಲೂ ಹೇಳ್ತಿದೀನಿ," ಅಂದೆ. ಅಷ್ಟರಲ್ಲಿ ಬೇತಮಂಗಲದ ಬಸ್ಸು ಬಂತು. ಅವಳು ಚೀಲ ಎತ್ತಿಕೊಂಡು ಓಡಿ ಹತ್ತಿ, ಕಿಟಕಿಯ ಪಕ್ಕ ಸೀಟು ಹಿಡಿದು ನನ್ನತ್ತ ಕೈ ಬೀಸಿದಳು. ನಂಬಿದಂತೆ ಕಾಣಲಿಲ್ಲ.

ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮೇಸ್ತ್ರಿ ಇದ್ದಾಗ ಅದನ್ನು ಹೇಳಲು ನನಗೆ ಎರಡು ವರ್ಷ ಸಮಯವಿತ್ತು.