ಕಿಟಕಿಯ ಹೊರಗೆ ಹೂವು ಕಟ್ಟುವ ತಿಪ್ಪಕ್ಕ

ಬೆಳಗಿನ ಐದೂವರೆ. ಹೊಸಪೇಟೆಯ ಖಾಸಗಿ ಆಸ್ಪತ್ರೆಯೊಂದರ ಕ್ಯಾನ್ಸರ್ ವಾರ್ಡ್. ಮಲಪನಗುಡಿಯ ತಿಪ್ಪಕ್ಕ ಸೆರಗು ಸಿಕ್ಕಿಸಿಕೊಂಡು, ಮಂಚಗಳ ಕೆಳಗೆ ಬಗ್ಗಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಇಲ್ಲಿ ಕಸಬರಿಗೆಗೆ ಪ್ರವೇಶವೇ ಇಲ್ಲ. “ಗುಡಿಸಿದ್ರ ಧೂಳು ಏಳತೈತ್ರಿ. ಧೂಳಿನ ಜೋಡಿ ಬೂಷ್ಟೂ ಏಳತೈತಿ,” ಎನ್ನುತ್ತಾರೆ, ಕೈ ನಿಲ್ಲಿಸದೆ.

ಹಳಸಿದ ರೊಟ್ಟಿಯ ಮೇಲೆ ಹಸಿರಾಗಿ ಕೂರುವ ಅದೇ ಬೂಷ್ಟು. ಅದರ ಕಣ್ಣಿಗೆ ಕಾಣದ ಬೀಜಕಣಗಳನ್ನು ನಾವೆಲ್ಲ ದಿನವೂ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಕಿಮೋ ಪಡೆದು ರಕ್ತದ ಬಿಳಿಕಣ ಕುಸಿದವರಲ್ಲಾದರೆ ಅದು ಶ್ವಾಸಕೋಶದೊಳಗೇ ಬೇರೂರಬಲ್ಲದು. ನಾನು ಬರೆಯಲು ಬಂದದ್ದು ಅಂಥದ್ದರ ಎದುರು ಒದ್ದೆ ಬಟ್ಟೆ ಹಿಡಿದು ನಿಂತ ಈ ಹೆಂಗಸಿನ ಬಗ್ಗೆಯೇ.

ಒರೆಸುವುದು ಸುಲಭದ ಕೆಲಸ, ಕಷ್ಟವಿರುವುದು ಬಾಗಿಲಲ್ಲಿ. ಬರುವವರು ಗುಡಿಯ ಹೂವು, ಹಸಿ ಕಾಯಿಹೋಳು ತಂದು ರೋಗಿಯ ದಿಂಬಿನಡಿ ಇಡುತ್ತಾರೆ. ಅಲ್ಲೇ ಬೂಷ್ಟು ಹಿಡಿಯುತ್ತದೆ. ಕಡ್ಡಿರಾಂಪುರದ ಯಲ್ಲಕ್ಕನ ಮಗಳು ಗಂಗೋತ್ರಿಗೆ ರಕ್ತದ ಕ್ಯಾನ್ಸರ್. ಬಿಳಿಕಣ ಪೂರ್ತಿ ಇಳಿದಿದ್ದ ವಾರದಲ್ಲೇ ಯಲ್ಲಕ್ಕ ಹಂಪಿಯಿಂದ ಹೂವು ತಂದರು. ತಿಪ್ಪಕ್ಕ ಅಡ್ಡ ನಿಂತರು.

“ದೇವ್ರ ಹೂವು ತಡೀತೀಯೇನ? ನಿನಗ ನಿನ್ನೋರು ಅಂತ ಯಾರೂ ಇಲ್ಲೇನ?”

“ತಮ್ಮ ಇದ್ದ, ಯವ್ವ,” ಎಂದರು ತಿಪ್ಪಕ್ಕ.

ತಮ್ಮ ಉಚ್ಚೆಂಗೆಪ್ಪನಿಗೆ ಕಿಡ್ನಿ ಕಸಿ ಆಗಿತ್ತು; ಕಸಿಯಾದವರು ನುಂಗುವ ಮಾತ್ರೆಗಳೂ ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತವೆ. ಅಕ್ಕ ದಿನವೂ ಅವನ ದಿಂಬಿನಡಿ ಹೂವು ಇಡುತ್ತಿದ್ದರು. ಬಾಡಿದರೂ ದೇವರದ್ದಲ್ಲವೇ, ತೆಗೆಯಲು ಮನಸ್ಸು ಬರಲಿಲ್ಲ. ಅವನು ತೀರಿಕೊಂಡದ್ದು ಶ್ವಾಸಕೋಶದ ಶಿಲೀಂಧ್ರ ಸೋಂಕಿನಿಂದ, ಅಂದರೆ ಇದೇ ಬೂಷ್ಟಿನಿಂದ. “ಎಲ್ಲಿಂದ ಬಂತು ಹೇಳಾಕ ಬರಂಗಿಲ್ಲ ಅಂದ್ರು ಡಾಕ್ಟ್ರು. ನಾ ಇಟ್ಟ ಹೂವಿಂದ್ಲೇ ಇರಬೌದಲ್ರೀ?” ತಿಪ್ಪಕ್ಕ ನನ್ನನ್ನೇ ಕೇಳುತ್ತಾರೆ. ಕೇಳುತ್ತಲೇ ಮುಂದಿನ ಮಂಚದ ಕೆಳಗೆ ಬಗ್ಗುತ್ತಾರೆ.

ಅಂದು ಅವರು ಯಲ್ಲಕ್ಕನ ಹೂವನ್ನು ಎಸೆಯಲಿಲ್ಲ. ಸೆರಗೊಡ್ಡಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಕಟ್ಟಡ ಸುತ್ತಿ ಹೋಗಿ, ಮುಚ್ಚಿದ ಗಾಜಿನ ಕಿಟಕಿಯ ಹೊರಗಿನ ಸರಳಿಗೆ ಕಟ್ಟಿದರು. ಒಳಗೆ ಮಲಗಿದ್ದ ಗಂಗೋತ್ರಿ ಅದನ್ನು ನೋಡಿ ಕೈ ಮುಗಿದಳು. ಈಗ ಈ ವಾರ್ಡಿನ ಎಲ್ಲ ಕಿಟಕಿಗಳಿಗೂ ಹೊರಗಡೆ ಹೂವು.

ಗಂಗೋತ್ರಿಯ ಬಿಳಿಕಣ ಏರಿವೆ; ಇವತ್ತು ಅವಳು ಮನೆಗೆ ಹೊರಟಿದ್ದಾಳೆ. ಹೊತ್ತೇರಿದ ಮೇಲೆ ಕರೆದೊಯ್ಯಲು ಬಂದ ಯಲ್ಲಕ್ಕ ಕೈಯಲ್ಲಿ ಒಂದು ಮೊಳ ಮಲ್ಲಿಗೆ ಹಿಡಿದು, ಯಾರೂ ಹೇಳದೆಯೇ ಬಾಗಿಲಾಚೆ ನಿಲ್ಲುತ್ತಾರೆ.

“ತಿಪ್ಪವ್ವ, ಹೊರಗ ಬಾ. ಇದು ನಿನಗ. ಮುಡಕೋ.”

ತಿಪ್ಪಕ್ಕನ ಕಣ್ಣು ತುಂಬುತ್ತದೆ. ಒದ್ದೆ ಕೈ ಒರೆಸಿಕೊಳ್ಳುತ್ತಾರೆ, ಹೂವನ್ನು ಮಾತ್ರ ಮುಟ್ಟುವುದಿಲ್ಲ.

“ಈಗ ಬ್ಯಾಡಕ್ಕ, ಕಿಟಕಿಗಿ ಕಟ್ರಿ. ಡ್ಯೂಟಿ ಮುಗದ ಮ್ಯಾಲ ಮುಡಕೊಂತೀನಿ. ನಿಮ್ ಮಗಳ ಮಂಚ ಒರಸಬೇಕು, ಇನ್ನೊಬ್ರು ಬರ್ತಾರ.”